ಕರೆಂಟ್ ಇಲ್ಲದ ಹೊತ್ತಿನ ಗರಗಸ

ಬಿಳಿಗೆರೆ, ತಿಪಟೂರು ತಾಲ್ಲೂಕು
೫-೧೦-೧೯೯೮

ಗರಗಸ ಕಂಪನಿಯ ರಿಪೇರಿ ವಿಭಾಗದವರಿಗೆ, ಕೊಯಮತ್ತೂರು.

ಮಾನ್ಯರೇ,

ಬಹುಮಾನ ಕೊಟ್ಟವರ ಮೇಲೇ ದೂರು ಬರೆಯುವುದು ಸೌಜನ್ಯವಲ್ಲ. ಆದರೂ ಬರೆಯುತ್ತಿದ್ದೇನೆ. ನೀವು ಕೊಟ್ಟ ಬಹುಮಾನ ನಾಲ್ಕು ದಿನದಿಂದ ಮೌನವ್ರತದಲ್ಲಿದೆ.

ಕಳೆದ ತಿಂಗಳು ತಿಪಟೂರಿನ ಕೃಷಿ ವಸ್ತುಪ್ರದರ್ಶನದಲ್ಲಿ ನಿಮ್ಮ ಮಳಿಗೆಯವರು ಘೋಷಣೆ ಬರೆಯುವ ಸ್ಪರ್ಧೆ ಇಟ್ಟಿದ್ದರು. ‘ಮೂರು ಆಳು ಮಾಡೋ ಕೆಲಸ, ನೂರು ಮರಕೆ ಒಂದು ಗರಗಸ’ ಎಂದು ಬರೆದ ಉಗ್ರಪ್ಪ ನಾನೇ. ವಯಸ್ಸು ನಲವತ್ತೈದು, ಬಿ.ಎ., ಐಚ್ಛಿಕ ಕನ್ನಡ. ಪದವಿ ಪಡೆದು ಇಪ್ಪತ್ತಮೂರು ವರ್ಷಕ್ಕೆ ಅದರಿಂದ ಸಿಕ್ಕ ಮೊದಲ ಲಾಭ ಈ ಗರಗಸ.

ಎಂಟಡಿ ಕೊಳವೆ, ಅದರ ತುದಿಯಲ್ಲಿ ಮೊಳದಷ್ಟು ಪಟ್ಟಿ, ಪಟ್ಟಿಯ ಸುತ್ತ ಸೈಕಲ್ ಚೈನಿಗೆ ಹಲ್ಲು ಹುಟ್ಟಿದಂಥ ಚೈನು. ಸ್ವಿಚ್ಚು ಅದುಮಿದರೆ ನೆಲದ ಮೇಲೆ ನಿಂತೇ ತೆಂಗಿನ ಗರಿ ಕೊಯ್ಯಬಹುದು. ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಊರಿಗೆ ತಂದಾಗ ಅರಳಿಕಟ್ಟೆಯವರೆಲ್ಲ ಎದ್ದು ನಿಂತರು. ನಮ್ಮ ಚಿತ್ತಣ್ಣ ಮಾತ್ರ ಎದ್ದೇಳಲಿಲ್ಲ. ಬಿದಿರು ಗಳಕ್ಕೆ ಕುಡುಗೋಲು ಕಟ್ಟಿ ಕಾಯಿ ಕೀಳುವುದರಲ್ಲಿ ಅವನ ಸಮಕ್ಕೆ ಈ ಹೋಬಳಿಯಲ್ಲಿ ಯಾರೂ ಇಲ್ಲ. ನಾಲ್ಕನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತವನು. “ಏನ್ಲಾ ಉಗ್ರ, ಇದು ಗರಿ ಕುಯ್ಯಾಕಾ, ಇಲ್ಲಾ ರಾಕ್ಷಸ್ರಿಗೆ ಗಡ್ಡ ಬೋಳ್ಸಾಕಾ?” ಎಂದ.

ಆಯುಧಪೂಜೆ ಬಂತು. ಮಚ್ಚು, ನೇಗಿಲು, ಸೈಕಲ್ಲಿನ ಜೊತೆ ಗರಗಸಕ್ಕೂ ಮೂರು ಕೊಡ ನೀರು ಹುಯ್ದು ತೊಳೆದೆವು. ವಿಭೂತಿ ಬಳಿದು, ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟಿದೆವು. ಮಾರನೆಯ ದಿನ ಸ್ವಿಚ್ಚು ಅದುಮಿದರೆ ಉಸಿರಿಲ್ಲ.

“ಪೂಜೆ ಮಾಡಿಸ್ಕೊಂಡ್ ಮ್ಯಾಲೆ ಯಾರು ಗೇಯ್ತಾರ್ಲಾ?” ಎಂದು ಚಿತ್ತಣ್ಣ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ದಯವಿಟ್ಟು ಪರಿಹಾರ ತಿಳಿಸಿ, ನನ್ನ ಮಾನ ಉಳಿಸಿ.

ಇತಿ,
ಉಗ್ರಪ್ಪ


ಕೊಯಮತ್ತೂರು
೧೪-೧೦-೧೯೯೮

ಶ್ರೀ ಉಗ್ರಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ನಾಲ್ಕು ಮೇಜು ಸುತ್ತಿ ನನ್ನ ಮೇಜಿಗೆ ಬಂತು. ಈ ಕಚೇರಿಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಹುಟ್ಟಿದ್ದು ಹುಳಿಯಾರು, ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ, ಇಲ್ಲಿಗೆ ಬಂದು ಆರು ವರ್ಷ. ಪತ್ರ ಓದಿ ನಕ್ಕೆ. ಮೇಲಧಿಕಾರಿ ಮುತ್ತುಸ್ವಾಮಿಯವರು ಕಾರಣ ಕೇಳಿದರು. ತಮಿಳಿನಲ್ಲಿ ಹೇಳಿದೆ. ಮೂರು ಕೊಡ ನೀರು ಎಂದ ಕೂಡಲೇ ಹುಬ್ಬು ಗಂಟಿಕ್ಕಿದರು.

ಗರಗಸಕ್ಕೆ ನೀರು ಕೂಡದು. ಎಂಟು ದಿನ ಒಣ ಜಾಗದಲ್ಲಿ ತೂಗುಹಾಕಿ. ಒಣಗಿತು ಎಂದು ನೀವೇ ತೀರ್ಮಾನಿಸಿ ಪ್ಲಗ್ಗು ಹಾಕಬೇಡಿ. ತಿಪಟೂರಿನಲ್ಲಿ ಮೋಟಾರು ಕಟ್ಟುವವರ ಹತ್ತಿರ ಒಯ್ದು, ಶಾಕ್ ಹೊಡೆಯುವುದಿಲ್ಲವೆಂದು ಪರೀಕ್ಷೆ ಮಾಡಿಸಿ. ಚೈನು ಓಡುವ ಪಟ್ಟಿಯ ಅಂಚಿನಲ್ಲಿ ಸಣ್ಣ ಕಾಲುವೆ ಇದೆ. ಅಲ್ಲಿ ಕುಂಕುಮ, ವಿಭೂತಿ ಗಟ್ಟಿಯಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಮುಂದೆಯೂ ಒಣಬಟ್ಟೆ, ಬ್ರಷ್ಷು, ಇವೆರಡೇ ಸಾಕು. ಚೈನಿಗೆ ಎಣ್ಣೆ ಹನಿಸುವ ಪುಟ್ಟ ತೊಟ್ಟಿ ಮೋಟಾರಿನ ಪಕ್ಕದಲ್ಲಿದೆ. ಅದು ಎಂದೂ ಬರಿದಾಗಬಾರದು.

ಉಳಿದದ್ದೆಲ್ಲ ಪೆಟ್ಟಿಗೆಯ ಜೊತೆ ಬಂದ ಕನ್ನಡ ಸೂಚನಾ ಚೀಟಿಯಲ್ಲಿದೆ. ಅದರಂತೆ ನಡೆಯಿರಿ.

ವಿಶ್ವಾಸದಿಂದ,
ಎಚ್. ಅನುಪಮಾ


ಬಿಳಿಗೆರೆ
೨೦-೧೨-೧೯೯೮

ಅನುಪಮಾ ಅವರಿಗೆ,

ಎರಡು ತಿಂಗಳು ನಾನು ಬರೆಯಲಿಲ್ಲ ಎಂದರೆ ಗರಗಸ ಚೆನ್ನಾಗಿತ್ತು ಎಂದೇ ಅರ್ಥ. ಕಷ್ಟ ಬಂದಾಗ ಮಾತ್ರ ದೇವರಿಗೂ ಕಂಪನಿಗೂ ಕಾಗದ ಬರೆಯುವ ಜಾತಿ ನಮ್ಮದು.

ಈಗ ಬಂದಿದೆ. ಹೆಸರು ಕಪ್ಪು ತಲೆ ಹುಳು. ತಲೆ ಕಪ್ಪು, ಹೊಟ್ಟೆ ಹಸಿರು, ತಿಂದ ತೋಟಕ್ಕಿಲ್ಲ ಉಸಿರು. ಗರಿಯ ಅಡಿಯಲ್ಲಿ ತನ್ನ ಹಿಕ್ಕೆಯಿಂದಲೇ ಗೂಡು ಕಟ್ಟಿಕೊಂಡು ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ಬಿದ್ದು ಆರಿದ ಹಾಗೆ. ನನ್ನ ಕೈಯಾರೆ ನೆಟ್ಟ ನೂರ ತೊಂಬತ್ತು ಎಳೆ ಮರಗಳಿವೆ, ಒಂಬತ್ತು ವರ್ಷದವು. ಈ ವರ್ಷವಷ್ಟೇ ಮೊದಲ ಹೊಂಬಾಳೆ ಒಡೆದಿವೆ. ಅವುಗಳ ಕೆಳಗರಿಗಳಿಗೆಲ್ಲ ಹುಳು ಹತ್ತಿದೆ.

ತೋಟಗಾರಿಕೆ ಕಚೇರಿಯ ಬಸವರಾಜಪ್ಪನವರು ಬಂದು ನೋಡಿದರು. “ಹುಳು ಹತ್ತಿದ ಗರಿ ಎಲ್ಲಾ ಕುಯ್ದು ಸುಡಿ. ಜನವರಿ ಇಪ್ಪತ್ತಕ್ಕೆ ನಾನು ಕಣಜ ತರ್ತೀನಿ. ಸೊಳ್ಳೆಗಿಂತ ಚಿಕ್ಕದು ಕಣ್ರೀ, ಹುಳದ ಮೇಲೇ ಮೊಟ್ಟೆ ಇಟ್ಟು ಅದನ್ನ ಮುಗಿಸ್ತದೆ. ಆದ್ರೆ ನೀವು ಗರಿ ತೆಗೀದಿದ್ರೆ ಇಷ್ಟು ಹುಳಕ್ಕೆ ಅಷ್ಟು ಕಣಜ ಎಲ್ಲಿ ಸಾಲುತ್ತೆ? ಈ ಸಲ ತಪ್ಪಿದ್ರೆ ಇನ್ನು ಏಪ್ರಿಲ್‌ಗೇ” ಎಂದರು. ಏಪ್ರಿಲ್ಲಿಗೆ ನನ್ನ ಮರಗಳು ಪೊರಕೆಯಾಗಿರುತ್ತವೆ.

ಎಲ್ಲರ ತೋಟಕ್ಕೂ ಹುಳು ಬಿದ್ದು ಗಳದವರಿಗೆ ಭಾರೀ ಬೇಡಿಕೆ. ನನಗೆ ಸಿಕ್ಕವನು ಚಿತ್ತಣ್ಣ ಒಬ್ಬನೇ. ಗರಗಸವನ್ನು ಅವನ ಕೈಗೆ ಕೊಟ್ಟೆ. ಮೂಗು ಮುರಿದ. ಮೊದಲನೇ ಗರಿ ಕೊಯ್ದ. ಎರಡನೆಯದು ಕೊಯ್ದ. ಮೂರನೆಯದಕ್ಕೆ “ಲೇ ಉಗ್ರ, ಇದು ನಂದು ಕಣ್ಲಾ, ನೀನು ಮುಟ್ಬ್ಯಾಡ” ಎಂದ!

ಒಂದೇ ತೊಂದರೆ. ಬೆಳಿಗ್ಗೆ ಏಳು ಗಂಟೆಗೆ ಸ್ವಿಚ್ಚು ಅದುಮಿದರೆ ಮೋಟಾರು ಗುಂಯ್ ಎನ್ನುತ್ತದೆ, ಚೈನು ಅಲುಗುವುದಿಲ್ಲ, ಹೊಗೆ ಬರುತ್ತದೆ. ಅದೇ ಗರಗಸ ಮಧ್ಯಾಹ್ನ ಮದುವಣಿಗನ ಕುದುರೆಯಂತೆ ಓಡುತ್ತದೆ. ಎಣ್ಣೆ ತೊಟ್ಟಿ ತುಂಬಿಯೇ ಇದೆ, ಆ ಬಗ್ಗೆ ಯೋಚನೆ ಬೇಡ. ಇನ್ನು ಮೂವತ್ತೊಂದು ದಿನ. ಬೇಗ ಬರೆಯಿರಿ.

ಉಗ್ರಪ್ಪ


ಕೊಯಮತ್ತೂರು
೨೬-೧೨-೧೯೯೮

ಉಗ್ರಪ್ಪನವರಿಗೆ,

ಹೊಗೆ ಬಂದರೆ ಒಂದು ಕ್ಷಣವೂ ಓಡಿಸಬೇಡಿ. ಮೋಟಾರು ಸುಟ್ಟರೆ ನಿಮ್ಮ ಇಪ್ಪತ್ತನೇ ತಾರೀಕು ಅಲ್ಲಿಗೇ ಮುಗಿಯಿತು.

ಬೆಳಗಿನ ಹೊತ್ತು ವೋಲ್ಟೇಜು ಕಡಿಮೆ ಇರುತ್ತದೆಯೇ? ಚೈನು ಬಿಗಿಯಾಯಿತೇ? ದಪ್ಪ ಕೈಗವಸು ಹಾಕಿಕೊಂಡು, ಚೈನನ್ನು ಪಟ್ಟಿಯ ನಡುವೆ ಹಿಡಿದು ಸ್ವಲ್ಪ ಎತ್ತಿ ನೋಡಿ. ಎದ್ದು, ಬಿಟ್ಟ ಕೂಡಲೇ ಮತ್ತೆ ಪಟ್ಟಿಗೆ ಅಂಟಬೇಕು. ಜೋತು ಬಿದ್ದರೆ ಸಡಿಲ, ಏಳದಿದ್ದರೆ ಬಿಗಿ. ತೆಂಗಿನ ಗರಿಯ ನಾರು ಚೈನಿಗೆ ಸುತ್ತಿಕೊಳ್ಳುವುದು ಹೆಚ್ಚು. ಆದ್ದರಿಂದ ದಿನಕ್ಕೊಂದು ಸಲವಲ್ಲ, ಎರಡು ಸಲ ಶುಚಿ ಮಾಡಿ. ಹಲ್ಲು ಮೊಂಡಾದರೆ ದುಂಡನೆಯ ಅರದಿಂದ ಒಂದೇ ದಿಕ್ಕಿಗೆ ಎರಡೆರಡು ಸಲ ಎಳೆದರೆ ಸಾಕು.

ಇನ್ನೊಂದು ಪ್ರಶ್ನೆ. ತೊಟ್ಟಿ ತುಂಬಿದೆ ಎಂದಿರಿ. ಯಾವ ಎಣ್ಣೆಯಿಂದ?

ಅನುಪಮಾ


ಬಿಳಿಗೆರೆ
೫-೧-೧೯೯೯

ಅನುಪಮಾ ಅವರಿಗೆ,

ಸಿಕ್ಕಿಬಿದ್ದೆ. ನೀವು ಕೊಟ್ಟ ಎಣ್ಣೆಯ ಬಾಟಲಿ ನವೆಂಬರಿಗೇ ಮುಗಿದಿತ್ತು. ತಿಪಟೂರಿನ ಅಂಗಡಿಯಲ್ಲಿ ಅಂಥದ್ದು ಸಿಗಲಿಲ್ಲ. ಕೊಬ್ಬರಿ ಸೀಮೆಯಲ್ಲಿ ಹುಟ್ಟಿ ಎಣ್ಣೆಗೆ ಪರದಾಡುವುದೇ ಎಂದು ಮನೆಯ ಗಾಣದೆಣ್ಣೆಯನ್ನೇ ಹುಯ್ದೆ. ನೀವು ನಗುತ್ತೀರೆಂದು ಬರೆದಿರಲಿಲ್ಲ.

ಗುಟ್ಟು ಬಿಡಿಸಿದವಳು ನನ್ನ ಹೆಂಡತಿ ಅನಸೂಯಮ್ಮ. ಈ ಚಳಿಗೆ ಗೂಡಿನಲ್ಲಿಟ್ಟ ತಲೆಯೆಣ್ಣೆ ಬೆಳಿಗ್ಗೆ ತುಪ್ಪದ ಹಾಗೆ ಹೆರೆತಿರುತ್ತದೆ. ಬಾಟಲಿಯನ್ನು ನನ್ನ ಮುಖದ ಮುಂದೆ ಹಿಡಿದು “ನೋಡ್ರೀ, ನನ್ನ ತಲೆಗೂ ನಿಮ್ಮ ಗರಗಸಕ್ಕೂ ಒಂದೇ ಕಾಯ್ಲೆ. ಬಿಸ್ಲು ತೋರ್ಸಿ ಇಬ್ರಿಗೂ” ಎಂದಳು. ಬಿ.ಎ. ಮಾಡಿದವನು ನಾನು!

ಗಟ್ಟಿ ಎಣ್ಣೆಗೆ ಹೊಟ್ಟು ಮೆತ್ತಿ ಚೈನು ಕಚ್ಚಿಕೊಳ್ಳುತ್ತಿತ್ತು. ಈಗ ಪಂಪ್‌ಸೆಟ್ಟಿಗೆ ಹಾಕುವ ಎಣ್ಣೆ ತಂದಿದ್ದೇನೆ. ನೂರ ಹನ್ನೆರಡು ಮರ ಆಯಿತು, ಎಪ್ಪತ್ತೆಂಟು ಉಳಿದಿವೆ. ಗೆಲ್ಲುತ್ತೇವೆ ತಂಗಿ, ಗೆದ್ದೇ ಗೆಲ್ಲುತ್ತೇವೆ! ರಾತ್ರಿ ನಿದ್ದೆಯಲ್ಲೂ ಚಿತ್ತಣ್ಣನ ಕೈ ಗರಗಸ ಹಿಡಿದಂತೆ ಆಡುತ್ತದಂತೆ. ಅವನ ಹೆಂಡತಿ ನಾಗಕ್ಕ ಪಕ್ಕದ ಕೋಣೆಗೆ ಹೋಗಿ ಮಲಗುತ್ತಾಳೆ.

ನೀವು ಹೇಳಿದಂತೆ ದಿನಕ್ಕೆ ಎರಡು ಸಲ ಶುಚಿ ಮಾಡುತ್ತಿದ್ದೇವೆ. ಚೀಟಿಯ ಏಳನೇ ನಿಯಮವನ್ನು ಅಕ್ಷರಶಃ ಪಾಲಿಸುತ್ತಿದ್ದೇವೆ. ‘ಶುಚಿಗೊಳಿಸುವ ಮುನ್ನ ವಿದ್ಯುತ್ ಇಲ್ಲದಿರುವುದನ್ನು ಖಚಿತಪಡಿಸಿಕೊಳ್ಳಿ.’ ನಮಗೆ ಅದೇನು ಕಷ್ಟ? ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಐದು, ದಿನವೂ ಕರೆಂಟ್ ತೆಗೆಯುತ್ತಾರೆ. ಪಂಪ್‌ಸೆಟ್ ರಿಪೇರಿ, ಫ್ಯೂಸು ಕಟ್ಟುವುದು, ಎಲ್ಲವನ್ನೂ ಈ ಊರಿನಲ್ಲಿ ಆ ಹೊತ್ತಿಗೇ ಮಾಡುವುದು. ಗರಗಸ ನಿಂತ ಕೂಡಲೇ ಚಿತ್ತಣ್ಣ ಅಲ್ಲೇ ಮರದ ಬುಡದಲ್ಲಿ ಕೂತು ಬಟ್ಟೆ ಹಿಡಿಯುತ್ತಾನೆ. ಹಲ್ಲುಹಲ್ಲಿನ ಸಂದಿಗೂ ಬೆರಳು ಹಾಕಿ ಒರೆಸುತ್ತಾನೆ. ಮಗುವಿಗೆ ಎರೆದ ಹಾಗೆ. ಕರೆಂಟ್ ಬಂದರೆ ಎದ್ದು ಹೊರಡುವುದಷ್ಟೇ. ಪ್ಲಗ್ಗು ಹಾಕಲು ಪಂಪ್ ಮನೆಗೆ ಓಡಾಡುವ ಹೊತ್ತೂ ಉಳಿಯಿತು. ಒಂದು ಪ್ರಾಸ ಕಟ್ಟಿದ್ದೇನೆ. ‘ಅವರು ತೆಗೆದರೆ ಲೈನು, ನಾವು ಒರೆಸೋಣ ಚೈನು.’ ಹೇಗಿದೆ?

ಸ್ವಿಚ್ಚನ್ನು ದಿನವೆಲ್ಲ ಅದುಮಿ ಚಿತ್ತಣ್ಣನ ಬೆರಳು ಊದಿತ್ತು. ಅದಕ್ಕೂ ಉಪಾಯ ಮಾಡಿದೆ. ಸೈಕಲ್ ಟ್ಯೂಬಿನ ರಬ್ಬರು ಪಟ್ಟಿ ಸುತ್ತಿದ್ದೇವೆ. ಅದುಮಿಕೊಂಡೇ ಇರುತ್ತದೆ. ಇದನ್ನು ನಿಮ್ಮ ಕಂಪನಿ ಬೇಕಾದರೆ ಬಳಸಿಕೊಳ್ಳಲಿ.

ಉಗ್ರಪ್ಪ


ತಂತಿ
ಕೊಯಮತ್ತೂರು, ೯-೧-೧೯೯೯

ಚೈನು ಮುಟ್ಟಬೇಡಿ. ಮೊದಲು ಪ್ಲಗ್ ಕೀಳಿ. ರಬ್ಬರ್ ಬಿಚ್ಚಿ. ಅನುಪಮಾ.


ಬಿಳಿಗೆರೆ
೧೨-೧-೧೯೯೯

ತಂಗಿ ಅನುಪಮಾ,

ಈ ಪತ್ರದಲ್ಲಿ ಪ್ರಾಸವಿಲ್ಲ. ಹೋದ ಪತ್ರದಲ್ಲಿ ಬರೆದದ್ದನ್ನು ಹರಿದು ಒಲೆಗೆ ಹಾಕು.

ಚಿತ್ತಣ್ಣನ ಹತ್ತೂ ಬೆರಳು ಇವೆ. ಮೊದಲು ಅದನ್ನು ಓದಿಕೊ, ಆಮೇಲೆ ಉಳಿದದ್ದು.

ನಿನ್ನ ತಂತಿ ನಿನ್ನೆ ಸೋಮವಾರ ಬೆಳಿಗ್ಗೆ ಬಂತು. ನಾನು ಸೀಮೆಎಣ್ಣೆಗೆಂದು ಸೊಸೈಟಿಯ ಸಾಲಿನಲ್ಲಿ ನಿಂತಿದ್ದೆ. ಅಂಚೆಯ ಈರಣ್ಣ ಸೈಕಲ್ ಇಳಿಯುವಾಗಲೇ ಅನಸೂಯಮ್ಮ ಕೆಲಸ ಬಿಟ್ಟು ಬಾಗಿಲಿಗೆ ಓಡಿ ಬಂದಳಂತೆ. ನಮ್ಮ ಮನೆಗೆ ಈವರೆಗೆ ಬಂದ ಎರಡು ತಂತಿಯೂ ಸಾವಿನವೇ. ನೀನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿದ್ದೀಯ. ಈರಣ್ಣ ತಿರುಗಿಸಿ ಮುರುಗಿಸಿ ನೋಡಿ “ಏನೋ ಗೊತ್ತಾಗಾಕಿಲ್ಲ ಕಣಕ್ಕ, ಕೊನೇಲಿ ಮಾ ಅಂತ ಐತೆ” ಎಂದನಂತೆ. ಅಷ್ಟೇ ಸಾಕಾಯಿತು. ಮಾಯಸಂದ್ರದಲ್ಲಿ ನನ್ನ ಸೋದರಮಾವ ಶ್ರೀರಂಗಯ್ಯ ಆರು ತಿಂಗಳಿಂದ ದಮ್ಮು ಹಿಡಿದು ಮಲಗಿದ್ದಾನೆ. ಅನಸೂಯಮ್ಮ ತಂತಿ ಹಿಡಿದು, “ಅಯ್ಯೋ, ಮಾಯಸಂದ್ರದ ಮಾವ ಹೋಗ್ಬುಟ್ರಲ್ಲಪ್ಪೋ!” ಎಂದು ಅರಚಿಕೊಂಡು, ನಾನು ಅಲ್ಲಿರುವೆನೆಂದು ತೋಟಕ್ಕೆ ಓಡಿದಳು.

ಕರೆಂಟ್ ಹೋಗಿತ್ತು. ಚಿತ್ತಣ್ಣ ತೆಂಗಿನ ಬುಡದಲ್ಲಿ ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ. ಅಳು ಕೇಳಿ ಗರಗಸ ಕೆಳಗಿಟ್ಟು, ಬಟ್ಟೆ ಎಸೆದು ಅವಳ ಕಡೆ ಓಡಿದ. ಬದುವಿನ ಹತ್ತಿರ ಅವಳನ್ನು ಹಿಡಿದುಕೊಂಡು “ಯಾರು ಕಣಕ್ಕ, ಯಾರು?” ಎನ್ನುತ್ತಿದ್ದನಂತೆ. ಆಗ ಬಂತು ಕರೆಂಟು. ಹತ್ತೂ ಇಪ್ಪತ್ತಕ್ಕೆ. ದಿನವೂ ಹನ್ನೊಂದಕ್ಕೆ ಬರುವುದು.

ಗರಗಸ ಎದ್ದಿತು ತಂಗಿ. ಹಿಡಿದವರಿಲ್ಲದೆ ಎದ್ದಿತು. ನೆಲ ಕಚ್ಚಿಕೊಂಡು, ಒಣಗರಿಗಳ ಮೇಲೆ ಹಾರಿ, ಚಿತ್ತಣ್ಣ ಕೂತಿದ್ದ ಗೋಣಿಚೀಲವನ್ನು ಎರಡು ಸೀಳು ಮಾಡಿ, ಬದುವಿನ ಕಲ್ಲಿಗೆ ಬಡಿದು, ತನ್ನ ವೈರನ್ನು ತಾನೇ ತುಂಡರಿಸಿಕೊಂಡು ಬಿತ್ತು. ಪಂಪ್ ಮನೆಯ ಫ್ಯೂಸು ಢಮ್ ಎಂದಿತು.

ನಾನು ಬಂದಾಗ ಇಬ್ಬರೂ ಬದುವಿನ ಮೇಲೆ ಕೂತಿದ್ದರು. ಚಿತ್ತಣ್ಣ ಆ ಗೋಣಿಚೀಲವನ್ನು ಕೈಯಲ್ಲಿ ಹಿಡಿದುಕೊಂಡು ತನ್ನ ತೊಡೆಯ ಅಳತೆಗೆ ಇಟ್ಟು ಇಟ್ಟು ನೋಡುತ್ತಿದ್ದ. ತಂತಿ ಓದಿ ಹೇಳಿದೆ. “ಲೇ ಉಗ್ರ, ಕರೆಂಟ್ ಇಲ್ಲ ಅಂದ್ರೆ ಇಲ್ಲ ಅಂದ್ಕಂಡಿದ್ನಲ್ಲೋ” ಎಂದ. ನಾನೂ ಹಾಗೇ ಅಂದುಕೊಂಡಿದ್ದೆ. ರಬ್ಬರು ಸುತ್ತಿದವನು ನಾನು. ಬಿಚ್ಚಿ ಎಸೆದಿದ್ದೇನೆ.

ಪಟ್ಟಿ ಬಾಗಿದೆ, ಚೈನು ತುಂಡಾಗಿದೆ. ಮೂವತ್ತಾರು ಮರ ಉಳಿದಿವೆ, ಎಂಟು ದಿನವಿದೆ. ಆದರೆ ಇನ್ನು ಅವನಿಗೆ ಅದನ್ನು ಮುಟ್ಟೆಂದು ಹೇಳುವ ಬಾಯಿ ನನಗಿಲ್ಲ.

ಉಗ್ರಪ್ಪ


ಕೊಯಮತ್ತೂರು
೧೬-೧-೧೯೯೯

ಉಗ್ರಪ್ಪಣ್ಣನಿಗೆ,

ಹತ್ತು ಬೆರಳು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಶನಿವಾರ ತಂತಿ ಕೊಟ್ಟು ಬಂದವಳು ಇಂದಿನವರೆಗೆ ಸರಿಯಾಗಿ ಊಟ ಮಾಡಿಲ್ಲ.

ಈಗ ನಿಮಗೆ ಹೇಳಬೇಕಾದದ್ದು ಒಂದಿದೆ. ಆ ಕನ್ನಡ ಚೀಟಿ ಬರೆದವಳು ನಾನು. ಏಳನೇ ನಿಯಮವೂ ನನ್ನದೇ. ಅದನ್ನು ಬರೆದು ಚೆನ್ನಾಗಿದೆ ಎಂದುಕೊಂಡಿದ್ದೆ. ಹುಳಿಯಾರಿನಲ್ಲಿ ಬೆಳೆದವಳಿಗೆ ಕರೆಂಟ್ ಹೋಗುವುದು, ಹೇಳದೆ ಬರುವುದು ಗೊತ್ತಿಲ್ಲವೇ? ನಮ್ಮಪ್ಪನೂ ಕರೆಂಟ್ ಹೋದಾಗಲೇ ಮೋಟಾರು ಬಿಚ್ಚುತ್ತಿದ್ದರು. ಇಲ್ಲಿ ಕಾರ್ಖಾನೆಯೊಳಗೆ ಕೂತು ಅದೆಲ್ಲ ಮರೆತೇಬಿಟ್ಟಿದ್ದೆ. ನೀವು ನಿಯಮ ಮುರಿಯಲಿಲ್ಲ ಅಣ್ಣ, ಪಾಲಿಸಿದಿರಿ. ನನಗೆ ಹೆದರಿಕೆಯಾಗುವುದೇ ಅದಕ್ಕೆ. ದಿನಕ್ಕೆ ಎರಡು ಸಲ ಒರೆಸಿ ಎಂದವಳೂ ನಾನೇ. ಮುತ್ತುಸ್ವಾಮಿಯವರಿಗೆ ಎಲ್ಲ ಹೇಳಿದ್ದೇನೆ. ಚೀಟಿ ಹಾಕಿದ ಪೆಟ್ಟಿಗೆಗಳನ್ನು ತಡೆದಿದ್ದಾರೆ.

ತಿಪಟೂರಿಗೆ ಕೊಬ್ಬರಿ ತುಂಬಲು ಹೊರಟ ಲಾರಿಯ ಡ್ರೈವರ್ ಕೈಯಲ್ಲಿ ಹೊಸ ಪಟ್ಟಿ, ಚೈನು, ವೈರು, ಎರಡು ಜೊತೆ ಕೈಗವಸು, ಎರಡು ಲೀಟರ್ ಎಣ್ಣೆ ಕಳಿಸಿದ್ದೇನೆ. ವೈರನ್ನೂ ಮೋಟಾರನ್ನೂ ಮೋಟಾರು ಕಟ್ಟುವವರಿಂದಲೇ ಪರೀಕ್ಷೆ ಮಾಡಿಸಿ. ಬಳಸುವುದು ಬಿಡುವುದು ಚಿತ್ತಣ್ಣನವರ ಇಷ್ಟ. ಅವರು ಬೇಡವೆಂದರೆ ಯಾರೂ ಒತ್ತಾಯಿಸಬೇಡಿ.

ಅನುಪಮಾ


ಬಿಳಿಗೆರೆ
೨೧-೧-೧೯೯೯

ತಂಗಿ ಅನುಪಮಾ,

ಮುಗಿಯಿತು! ನಿನ್ನೆ ಮಧ್ಯಾಹ್ನ ಮೂರೂಕಾಲಿಗೆ ನೂರ ತೊಂಬತ್ತನೇ ಮರದ ಕೊನೆಯ ಗರಿ ಬಿತ್ತು. ನಾಲ್ಕಕ್ಕೆ ಬಸವರಾಜಪ್ಪನವರು ಸ್ಕೂಟರಿನಲ್ಲಿ ಬಂದರು. ಅವರು ಹೆಲ್ಮೆಟ್ ತೆಗೆಯುವ ಮೊದಲೇ ಚಿತ್ತಣ್ಣ “ಎಲ್ರೀ ನಿಮ್ ಸೊಳ್ಳೆ?” ಎಂದ.

ಮೊದಲಿಂದ ಹೇಳುತ್ತೇನೆ. ಪಾರ್ಸೆಲ್ ಬರುವವರೆಗೆ ಚಿತ್ತಣ್ಣ ಗಳದಲ್ಲೇ ದುಡಿದ. ಸಂಕ್ರಾಂತಿಯ ದಿನವೂ ಬಿಡಲಿಲ್ಲ. ಅಂದು ಮಾಯಸಂದ್ರದ ಶ್ರೀರಂಗಮಾವ, ತಾನು ಸತ್ತ ಸುದ್ದಿ ಕೇಳಿ ಕೆಂಡವಾಗಿ, ದಮ್ಮು ಮರೆತು ಬಸ್ಸು ಹತ್ತಿ ಬಂದ. ಅನಸೂಯಮ್ಮನಿಗೆ ಬೈಯಲು ಬಂದವನು ವಿಷಯ ಕೇಳಿ ಚಿತ್ತಣ್ಣನ ಕೈ ಹಿಡಿದುಕೊಂಡು, “ನಾನು ಬದುಕಿದ್ದು ಎಪ್ಪತ್ತು ವರ್ಷ, ಒಬ್ರಿಗೂ ಉಪಯೋಗ ಆಗ್ಲಿಲ್ಲ. ಸತ್ತಿದ್ದು ಅರ್ಧ ಗಂಟೆ, ನಿನ್ನ ಕೈ ಉಳೀತು ನೋಡು” ಎಂದ. ಒಬ್ಬಟ್ಟು ಐದು ತಿಂದ.

ಹದಿನೆಂಟಕ್ಕೆ ಪಾರ್ಸೆಲ್ ಬಂತು. ಹತ್ತೊಂಬತ್ತು ಮರ ಬಾಕಿ, ಉಳಿದದ್ದು ಮೂರೇ ದಿನ. ಗಳದಲ್ಲಿ ಆಗದ ಮಾತು. ಆದರೂ ನಾನು ಪಾರ್ಸೆಲ್ಲನ್ನು ಅಟ್ಟದ ಮೇಲಿಟ್ಟು ಸುಮ್ಮನಾದೆ. ಯಾರೋ ಹೇಳಿರಬೇಕು. ಚಿತ್ತಣ್ಣ ಬಂದು, “ನಿನ್ನ ಮರ ಸಾಯ್ಲಿ ಅಂತ ಬಚ್ಚಿಟ್ಟಿದೀಯೇನ್ಲಾ? ಇಳ್ಸು” ಎಂದ. “ಬೇಡ ಬುಡೋ, ಮರ ಹೋದ್ರೆ ಹೋಯ್ತು” ಎಂದೆ. “ಮರ ನಿಂದು, ಕೈ ನಂದು. ಕೈ ವಿಚಾರ ನಂಗೆ ಬುಡು” ಎಂದ.

ಮಾರನೆಯ ಬೆಳಿಗ್ಗೆಯೇ ಇಬ್ಬರೂ ತಿಪಟೂರಿಗೆ ಹೋಗಿ, ಮೋಟಾರು ಕಟ್ಟುವವನ ಮುಂದೆ ಕೂತು ಪರೀಕ್ಷೆ ಮಾಡಿಸಿದೆವು. ಹೊಸ ಪಟ್ಟಿ ಹಾಕಿಸಿದೆವು. ನಿನ್ನ ಪತ್ರ ಓದಿ ಹೇಳಿದೆ. ಚೀಟಿ ಬರೆದವಳು ನೀನೇ ಎಂಬ ಕಡೆ ಸ್ವಲ್ಪ ತಡೆದೆ. “ಓದ್ಲಾ” ಎಂದ. 

ಕೇಳಿ ಹೀಗೆಂದ: “ಆ ಹುಡ್ಗಿ ತಪ್ಪೇನೈತೆ? ಕರೆಂಟ್ ಐತೋ ಇಲ್ವೋ ಅಂತ ಕೇಳೋದೇ ದಂಡ ಕಣ್ಲಾ. ಅದು ನಮ್ಮಪ್ಪನ ಮನೇದಾ, ಹೇಳಿ ಕೇಳಿ ಬರಾಕೆ?”

ತಂಗಿ, ಈಗ ಅವನು ಮಾಡುವುದನ್ನು ನೀನು ನೋಡಬೇಕು. ಕರೆಂಟ್ ಇರಲಿ, ಹೋಗಲಿ, ಚೈನಿನ ಹತ್ತಿರ ಕೈ ಹೋಗುವ ಮೊದಲು ಗರಗಸದ ಪ್ಲಗ್ಗನ್ನು, ಪಂಪ್ ಮನೆಯಿಂದ ಮರದವರೆಗೆ ಎಳೆದ ಉದ್ದ ವೈರಿನ ತುದಿಯಿಂದ ಕೀಳುತ್ತಾನೆ. ಕಿತ್ತ ಪ್ಲಗ್ಗನ್ನು ನೆಲಕ್ಕೆ ಬಿಡುವುದಿಲ್ಲ. ಪಂಚೆ ಸರಿಸಿ ಸೊಂಟದ ಉಡುದಾರಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಆಮೇಲೆ ಒಮ್ಮೆ ಸ್ವಿಚ್ಚು ಅದುಮಿ ಸತ್ತಿದೆಯೆಂದು ನೋಡುತ್ತಾನೆ. ಆಮೇಲೆ ಕೈಗವಸು, ಆಮೇಲೆ ಬ್ರಷ್ಷು. ಮೊನ್ನೆ ಒರೆಸುತ್ತಿರುವಾಗಲೇ ಕರೆಂಟ್ ಬಂತು, ಪಂಪ್ ಮನೆಯ ಬಲ್ಬು ಹೊತ್ತಿತು. ನಾನು ಕೂಗಿ ಅವನತ್ತ ಓಡಿದೆ. ಅವನು ತಲೆ ಎತ್ತದೆ, “ಬರ್ಲಿ ಬುಡು, ನನ್ ಸೊಂಟದಾಗೆ ಕುಂತೈತೆ” ಎಂದು ಅರ ಎಳೆಯುತ್ತಲೇ ಇದ್ದ.

ಕಣಜದ ಡಬ್ಬಿಗಳನ್ನು ಸಂಜೆ ಮರಮರಕ್ಕೂ ಬಿಟ್ಟೆವು. ಕಣ್ಣಿಗೆ ಏನೂ ಕಾಣಲಿಲ್ಲ. ಆದರೂ ಎಲ್ಲರೂ ಕತ್ತೆತ್ತಿ ನೋಡುತ್ತ ನಿಂತೆವು. ಅನಸೂಯಮ್ಮ ಒಂದು ಮರಕ್ಕೆ ಕೈ ಮುಗಿದಳು. ಈಗ ಪ್ರಾಸ ಬರೆಯಬಹುದೇ? ‘ಹುಳು ತಿನ್ನೋ ಹುಳುವೇ, ನೀನಿರದೆ ನಾನುಳಿವೇ?’

ನಿನ್ನಣ್ಣ,
ಉಗ್ರಪ್ಪ


ಕೊಯಮತ್ತೂರು
೩-೨-೧೯೯೯

ಉಗ್ರಪ್ಪಣ್ಣನಿಗೆ,

ನಿಮ್ಮ ಪತ್ರವನ್ನು ಮುತ್ತುಸ್ವಾಮಿಯವರಿಗೆ ಸಾಲು ಸಾಲಾಗಿ ತಮಿಳಿನಲ್ಲಿ ಹೇಳಿದೆ. ಉಡುದಾರಕ್ಕೆ ತಮಿಳಿನ ಮಾತು ತೋಚದೆ ತಡವರಿಸಿ, ಸೊಂಟದ ಸುತ್ತ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಇಪ್ಪತ್ತು ವರ್ಷ ಈ ಕುರ್ಚಿಯಲ್ಲಿ ಕೂತು ನಗದ ಮನುಷ್ಯ. ಅತ್ತಿತ್ತ ನೋಡಿ, ಬೆಲ್ಟಿನ ಮೇಲಕ್ಕೆ ಅಂಗಿಯ ತುದಿ ಬೆರಳಷ್ಟು ಸರಿಸಿ, ಕಪ್ಪು ದಾರ ತೋರಿಸಿ “ಇದುವಾ?” ಎಂದರು. ಮೂರು ಮೇಜಿನವರು ಎದ್ದು ಬಂದು ತಮ್ಮ ತಮ್ಮದನ್ನು ಮುಟ್ಟಿ ನೋಡಿಕೊಂಡರು!

ಏಳನೇ ನಿಯಮವನ್ನು ತಮಿಳಿಗೂ ಕನ್ನಡಕ್ಕೂ ಹೊಸದಾಗಿ ಬರೆಯಲು ಅಪ್ಪಣೆಯಾಗಿದೆ. ಬರೆದಿದ್ದೇನೆ. ಅಚ್ಚಿನ ಮನೆಯಿಂದ ಬಂದ ಕರಡು ಇದರ ಜೊತೆಗಿದೆ. ‘ಕರೆಂಟ್ ಇದ್ದರೂ ಇಲ್ಲದಿದ್ದರೂ, ಚೈನು ಮುಟ್ಟುವ ಮೊದಲು ಪ್ಲಗ್ಗು ಕಿತ್ತು ನಿಮ್ಮ ಮೈಮೇಲೆ ಇಟ್ಟುಕೊಳ್ಳಿ. ಒರೆಸಿ ಏಳುವವರೆಗೂ ಅದು ಯಾರ ಕೈಗೂ ಹೋಗಬಾರದು.’ ಪಕ್ಕದಲ್ಲಿ ಪಂಚೆ ಉಟ್ಟ ಒಬ್ಬರ ಚಿತ್ರ. ಮೀಸೆ ಹೋಲುತ್ತದೋ ಇಲ್ಲವೋ ಗೊತ್ತಿಲ್ಲ.

ಹೋದ ಸಲ ನಾನು ಬರೆದದ್ದನ್ನು ಇಲ್ಲಿ ಐದು ಜನ ತಮಿಳಿನಲ್ಲಿ ಹೇಳಿಸಿ ಕೇಳಿ ಸಹಿ ಹಾಕಿದ್ದರು. ಈ ಸಲ ಅವರ ಸಹಿ ಸಾಲದು. ಇದನ್ನು ಚಿತ್ತಣ್ಣನವರಿಗೆ ಓದಿ ಹೇಳಿ. ಎಲ್ಲಾದರೂ “ಅಂಗಂದ್ರೆ ಏನ್ಲಾ?” ಎಂದರೆ, ಆ ಮಾತಿನ ಕೆಳಗೆ ಗೆರೆ ಎಳೆದು ವಾಪಸ್ ಕಳಿಸಿ. ಅವರು ಹೂಂ ಅನ್ನುವವರೆಗೆ ಅಚ್ಚಿನ ಯಂತ್ರದ ಪ್ಲಗ್ಗೂ ಕಿತ್ತೇ ಇರುತ್ತದೆ.

ಅನುಪಮಾ